ತೆರೆಯ ಮೇಲೆ ಇಲ್ಲದ ಕಲಿಕೆ

“ತಾರಕ ಒಂದ ದಿನದಾಗ ಕಲತ ಬಂದಾನ್ರಿ ಮೇಡಂ. ಮುಂಜಾನಿ ಹೋದ, ಸಂಜೀಕ ಬಂದ. ಲೆಕ್ಕ ಸರಿ ಐತಿ.”

ಸಿಂದಗಿಯ ಹೈಸ್ಕೂಲಿನ ಸ್ಟಾಫ್‌ರೂಮಿನಲ್ಲಿ ಗಣಿತದ ಧರ್ಮರಾಜ ಹೀಗೆಂದರೆ ವಿಜ್ಞಾನದ ಕೋಮಲ ಬಿಡುವುದುಂಟೇ? ‘ಏಳು ಸೂರ್ಯರ ನಾಡು’ ಸರಣಿಯ ಸಿನಿಮಾಗಳನ್ನು ಇಬ್ಬರೂ ಅರೆದು ಕುಡಿದಿದ್ದರು. ಎರಡನೇ ಭಾಗದ ಕೊನೆಗೆ ನಾಯಕ ತಾರಕ ಗುರುವನ್ನು ಹುಡುಕಿ ಮರಳುಗಾಡಿನ ಗ್ರಹಕ್ಕೆ ಹೋಗುತ್ತಾನೆ. ಈಗ ಬಂದ ಮೂರನೆಯದರ ಮೊದಲ ದೃಶ್ಯದಲ್ಲೇ ಕಣ್ಣು ಕಟ್ಟಿಕೊಂಡು ನೌಕೆ ನಡೆಸುತ್ತಾನೆ. ಕಲಿತದ್ದು ಯಾವಾಗ? ಅದನ್ನು ಯಾರೂ ತೋರಿಸಿಲ್ಲ.

“ಹೀರೋಯಿನ್ ಕೂದಲಾ ನೋಡ್ರಿ. ಆಗ ಹೆಗಲ ಮಟ ಇತ್ತು, ಈಗ ನಡದ ಮಟ ಐತಿ. ಒಂದ ದಿನದಾಗ ಅಷ್ಟ ಬೆಳೀತಾವೇನ್ರಿ?”

“ವಿಗ್ ಇರಬೇಕ್ರಿ.”

“ನಿಮ್ಮ ತಲಿ!”

ಅವನು ನಗುತ್ತ ಅವಳನ್ನೇ ನೋಡಿದ. ನೋಟ ಅಗತ್ಯಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು. ಕೋಮಲಳ ಕಿವಿ ಬಿಸಿಯಾಯಿತು, ಜೊತೆಗೆ ಹಳೆಯ ನೋವೂ ಎದ್ದಿತು.

ಎರಡನೇ ಭಾಗವನ್ನು ವಿಜಯಪುರದಲ್ಲಿ ನೋಡಿ ಬಸ್ಸಿನಲ್ಲಿ ಬರುವಾಗ ಅವಳು ಅವನಿಗೆ ಎಲ್ಲ ಹೇಳಿದ್ದಳು. ಸ್ಕೂಟಿಯಿಂದ ಬಿದ್ದು ಮಣಿಕಟ್ಟು ಮುರಿದದ್ದು, ರೊಟ್ಟಿ ಬಡಿಯಲಾಗದ್ದು, ಅದನ್ನು ಕೇಳಿ ಹೆಣ್ಣು ನೋಡಲು ಬಂದ ಮುದ್ದೇಬಿಹಾಳದವರೂ ಬಾಗೇವಾಡಿಯವರೂ ಚಹಾ ಕುಡಿದು ಎದ್ದು ಹೋದದ್ದು. ಧರ್ಮರಾಜ ಒಂದು ಮಾತೂ ಆಡದೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಇವನೂ ಅವರಂಥವನೇ ಎಂದುಕೊಂಡು ಅವಳು ಆ ರಾತ್ರಿ ಅತ್ತಿದ್ದಳು.

ಅಂಥವನ ಮನೆಯಿಂದಲೇ ಈಗ ಹೆಣ್ಣು ಕೇಳಲು ಬರುವವರಿದ್ದರು. ಬಂದವರೆಲ್ಲ ಹೋದಾಗ ಕೋಮಲ ತಡೆದುಕೊಂಡಿದ್ದಳು. ಇವನು ಎದ್ದು ಹೋದರೆ ತಡೆದುಕೊಳ್ಳಲಾರಳು.

ಭಾನುವಾರ ಇಂಡಿ ಊರಿನ ಕೋಮಲಳ ಮನೆಯಲ್ಲಿ ಧರ್ಮರಾಜನ ತಾಯಿ ಮರೆವ್ವ ಚಹಾದ ಕಪ್ಪು ಕೆಳಗಿಟ್ಟಳು.

“ಎಲ್ಲಾ ಚೊಲೋ ಐತವಾ. ರೊಟ್ಟಿ ಬಡೀತಿ ಹೌದಲ್ಲ?”

ಕೋಮಲಳ ಅವ್ವ ಸೆರಗು ಬಾಯಿಗಿಟ್ಟುಕೊಂಡಳು.

“ಆಗೂದಿಲ್ರಿ,” ಎಂದಳು ಕೋಮಲ. “ಕೈ ಮುರದಿತ್ತು. ಬಡದ್ರ ಬಾವು ಬರತೈತಿ.”

ಧರ್ಮರಾಜ ಎದ್ದು ನಿಂತ.

“ನಾ ಬಡೀತೇನಿ,” ಎಂದವನೇ ಅಂಗಿಯ ತೋಳು ಮಡಚುತ್ತ ಅಡುಗೆಮನೆಗೆ ನಡೆದ.

ಎಲ್ಲರೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಅವನು ಕುದಿಯುವ ನೀರನ್ನು ಜೋಳದ ಹಿಟ್ಟಿಗೆ ಸುರಿದ, ನಾದಿದ, ಬಡಿಯತೊಡಗಿದ. ರೊಟ್ಟಿ ಅವನ ಅಂಗೈಯಡಿ ತಾನೇ ತಿರುಗುತ್ತ ತೆಳ್ಳಗೆ ಹರಡಿತು. ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆ ಸವರಿದ. ರೊಟ್ಟಿ ಉಬ್ಬಿತು.

“ಮನ್ಯಾಗ ಉಂಡ ತಾಟ ಎತ್ತಾಂವಲ್ಲ ಇಂವ!” ಮರೆವ್ವ ಗದ್ದಕ್ಕೆ ಕೈ ಹಚ್ಚಿದಳು.

ಕೋಮಲ ಅವನ ಬೆರಳುಗಳನ್ನು ನೋಡಿದಳು. ತುಂಬ ಸುಟ್ಟ ಕಲೆಗಳು. ಕೆಲವು ಕೆಂಪು, ಕೆಲವು ಕಂದು, ಕೆಲವು ಮಾಸಿ ಚರ್ಮದಲ್ಲೇ ಸೇರಿಹೋಗಿದ್ದವು. ಒಂದ ದಿನದಾಗ ಕಲತಾನ ಎಂದು ವಾದಿಸಿದವನ ಕೈ ಇದು!

“ಯಾರ ಕಲಿಸಿದ್ರು?”

“ಖಾನಾವಳಿ ಜೋಹರಾಬಿ ಚಾಚಿ. ಮೊದಲ ಸಲ ತಣ್ಣೀರು ಹಾಕಿ ಕಲಸಿದ್ದೆ, ರೊಟ್ಟಿ ಎಲ್ಲಾ ಚೂರಾತು. ಲಟ್ಟಣಿಗಿ ತೊಗೊಂಡು ಓಡಿಸಿದ್ಳು.”

“ಯಾವಾಗಿಂದ?”

ಅವನು ಒಲೆಯ ಕಡೆ ತಿರುಗಿದ. “ನೀವು ಬಸ್ಸಿನ್ಯಾಗ ಹೇಳಿದ ಮರುದಿನದಿಂದ್ರಿ.”

“ಅವತ್ತ ಒಂದ ಮಾತ ಆಡಬಾರದಿತ್ತೇನ್ರಿ?”

“ಬರೇ ಬಾಯಿಲೆ ಹೇಳಿದ್ರ ಕನಿಕರ ಅಂತಿದ್ರಿ. ನನಗ ನಿಮ್ಮ ಮ್ಯಾಲೆ ಕನಿಕರ ಇರಲಿಲ್ರಿ. ಜೀವ ಇತ್ತು.”

ತಾನು ಮುನಿಸಿಕೊಂಡು ಕಳೆದ ದಿನಗಳಲ್ಲೆಲ್ಲ ಇವನು ಯಾರದೋ ಒಲೆಯ ಮುಂದೆ ಬೆರಳು ಸುಟ್ಟುಕೊಳ್ಳುತ್ತಿದ್ದ. ಪ್ರೀತಿ ಇಷ್ಟು ದೊಡ್ಡದಿರುತ್ತದೆಂದು ಕೋಮಲಳಿಗೆ ಗೊತ್ತಿರಲಿಲ್ಲ. ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

ಅವನ ಪಕ್ಕದಲ್ಲಿ ಹೋಗಿ ಕುಳಿತು, ಹಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿ ಹಾಕಿದಳು.

“ಅತ್ತಿ, ಉಣ್ಣಾಕ ಕುಂದರ್ರಿ,” ಎಂದಳು ಮರೆವ್ವನತ್ತ ತಿರುಗಿ. “ನಿಮ್ಮ ಮಗಾ ಬಡೀತಾರ, ನಾ ಬೇಯಸ್ತೇನಿ.”