ತಣ್ಣಗಾದ ಬೆರಳುಗಳು

“ಬೆರಳು ಆಡಿಸ್ರಿ.”

ಭರಮಮ್ಮ ಪಾಲಯ್ಯನ ಜೊತೆ ಆಡಿದ ಮೊದಲ ಮಾತು ಅದು.

ಎಪ್ಪತ್ತೆಂಟರ ಬೇಸಿಗೆ. ಕಾನಹೊಸಹಳ್ಳಿಯಲ್ಲಿ ಬಸ್ಸಿನ ಮೇಲೆ ಶೇಂಗಾ ಚೀಲ ಏರಿಸುತ್ತಿದ್ದ ಪಾಲಯ್ಯ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದ. ಮೂಳೆ ಕೂಡಿಸುವ ಎರ್ರೆಪ್ಪ ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿ, ತನ್ನ ಮನೆಯ ಪಡಸಾಲೆಯಲ್ಲೇ ಉಳಿಸಿಕೊಂಡಿದ್ದ. ಭರಮಮ್ಮ ಎರ್ರೆಪ್ಪನ ಮಗಳು.

ಸಂಜೆ ನೀರು ಕೊಡಲು ಬಂದವಳಿಗೆ ಊದಿದ ಬೆರಳು ಕಂಡವು. ಪಾಲಯ್ಯ ಅವುಗಳನ್ನು ತುಸುವೇ ಆಡಿಸಿ ನಕ್ಕ. ಅವಳು ಉಗುರು ಒತ್ತಿ ಬಿಟ್ಟಳು. ಕೆಂಪು ಮರಳಲು ತಡವಾಯಿತು.

ಕಟ್ಟು ಬಿಗಿಯಾಗಿದೆ... ಆದರೆ ಮೂವತ್ತು ವರ್ಷ ಕೈಕಾಲು ಕಟ್ಟಿದ ಅಪ್ಪನಿಗೆ ಹೇಳುವುದು ಹೇಗೆ? ಸುಮ್ಮನಾದಳು.

ಬೆಳಗ್ಗೆ ಬೆರಳು ತಣ್ಣಗಾಗಿದ್ದವು. ಮಡಚಿದ ಬೆರಳನ್ನು ನೆಟ್ಟಗೆ ಮಾಡಲು ಹೋದರೆ ಪಾಲಯ್ಯ ಹಲ್ಲು ಕಚ್ಚಿದ. ಅವಳು ಯಾರನ್ನೂ ಕೇಳದೆ ಕುಡುಗೋಲಿನಿಂದ ಕಟ್ಟು ಕೊಯ್ದಳು. ಓಡಿಬಂದ ಎರ್ರೆಪ್ಪ ಆ ಕೈ ನೋಡಿ ಅಲ್ಲೇ ಕುಸಿದು ಕೂತ.

ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ತೋಳು ಕೊಯ್ದು ಒಳಗಿನ ಬಿಗಿತ ಇಳಿಸಿದರು. ಕೈ ಉಳಿಯಿತು, ಬೆರಳು ಮಡಚಿದಂತೆಯೇ ನಿಂತವು. ಹಿಂದಿನ ದಿನವೇ ಕಟ್ಟು ಬಿಚ್ಚಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು ಡಾಕ್ಟರು.

ಆ ಮಾತು ಭರಮಮ್ಮನ ಎದೆಯಲ್ಲಿ ನಾಟಿತು.

ತಾಯಿಯಿಲ್ಲದ ಪಾಲಯ್ಯನಿಗೆ ಆಸ್ಪತ್ರೆಯಲ್ಲಿ ಹದಿನೈದು ದಿನ ಅವಳೇ ತುತ್ತಿಟ್ಟಳು. ಅವನು ಅವಳ ಮುಖ ನೋಡುತ್ತಾ ಉಣ್ಣುತ್ತಿದ್ದ. ಒಂದು ದಿನವೂ ಅವಳು ಆ ಸಂಜೆಯ ಮಾತು ಎತ್ತಲಿಲ್ಲ. ಆಮೇಲೆ ಅವನು ಚಿಗಟೇರಿಯ ಅಕ್ಕನ ಮನೆ ಸೇರಿದ. ಒಂದು ಸುದ್ದಿಯೂ ಬರಲಿಲ್ಲ. ಅವನಿಗೆ ಎಲ್ಲ ತಿಳಿದಿದೆ, ಅದಕ್ಕೇ ದೂರವಾದ ಎಂದುಕೊಂಡಳು.

ಎರ್ರೆಪ್ಪ ಮತ್ತೆ ಯಾರ ಮೂಳೆಯನ್ನೂ ಕಟ್ಟಲಿಲ್ಲ. ಮೂರನೇ ವರ್ಷ ತೀರಿಕೊಂಡ.

ಅಪ್ಪ ತೀರಿ ತಿಂಗಳು ಕಳೆದ ಮೇಲೆ ಭರಮಮ್ಮ ಚಿಗಟೇರಿಗೆ ಹೋದಳು. ಪಾಲಯ್ಯ ಹಿತ್ತಲಲ್ಲಿ ಎಡಗೈಯಿಂದ ಎಮ್ಮೆಗೆ ಮೇವು ಹಾಕುತ್ತಿದ್ದ. ಅವಳನ್ನು ಕಂಡು ಬಲಗೈಯನ್ನು ಟವಲಿನಲ್ಲಿ ಮುಚ್ಚಿಕೊಂಡ.

“ಆ ಸಂಜಿನೇ ನನಗ ಗೊತ್ತಾಗಿತ್ತು. ಅಪ್ಪಗ ಅಂಜಿ ಸುಮ್ಮನಿದ್ದೆ. ನಿಮ್ಮ ಕೈ ನಾನೇ ಕಳದೆ.”

ಪಾಲಯ್ಯ ಎಡಗೈಯಲ್ಲಿದ್ದ ಮೇವನ್ನು ಎಮ್ಮೆಯ ಮುಂದೆ ಇಳಿಸಿದ.

“ನಾನೂ ಸುಮ್ಮನಿದ್ದೆ,” ಎಂದ. “ಇಡೀ ರಾತ್ರಿ ಜೀವ ಹೋಗಂಗ ನೋವು ಇತ್ತು. ಕೂಗಿದ್ರ ನಿಮ್ಮಪ್ಪ ಎದ್ದು ಬಿಚ್ಚತಿದ್ದ. ಆದ್ರ ಬಾಗಲದಾಗ ನೀ ಮಲಗಿದ್ದಿ... ನಿನ್ನ ಮುಂದ ಅಳಬಾರದು ಅಂತ ತಡಕೊಂಡೆ.”

ಅವಳು ಎಮ್ಮೆಗೆ ಮೇವು ಹಾಕುವ ಗೋದಲಿಯ ಕಟ್ಟೆ ಹಿಡಿದು ಕೂತಳು.

“ಮತ್ತ ಯಾಕ ಬರಲಿಲ್ಲ?”

“ನೀ ತುತ್ತು ಇಟ್ಟಿದ್ದು ಕನಿಕರಕ್ಕ ಅಂತ ತಿಳಕಂಡೆ. ಇಂಥಾ ಕೈ ಇಟ್ಕಂಡು ಏನಂತ ಕೇಳಲಿ?”

ಅವಳು ಟವಲು ಸರಿಸಿ ಮಡಚಿದ ಬೆರಳುಗಳನ್ನು ಅಂಗೈಯಲ್ಲಿ ಹಿಡಿದಳು. ಈಗ ಅವು ಬೆಚ್ಚಗಿದ್ದವು. ಕಣ್ಣೀರು ಅವುಗಳ ಮೇಲೆಯೇ ಬಿತ್ತು.

“ಈಗ ಕೇಳ್ರಿ,” ಎಂದಳು.

“ನನ್ನ ಜೊತಿ ಇರ್ತೀಯೇನು?”

“ಇರ್ತೀನಿ.”