ಚೌಕಟ್ಟಿನ ಹಿಂದಿನ ಕೆಂಪು ಛತ್ರಿ

ಬೆಳಗ್ಗೆ ಒಂಬತ್ತೂ ಹತ್ತು. ಬಾಂಡುಂಗಿನ ಬ್ರಾಗಾ ಬೀದಿಯಲ್ಲಿ ಚಿತ್ರಗಳ ಪ್ರತಿ ಮುದ್ರಿಸುವ ಇಮಸ್‌ಳ ಅಂಗಡಿಗೆ ಬಂದ ಯಾಯನ್, ಹಿಂದಿನ ದಿನ ಒಯ್ದಿದ್ದ ಚಿತ್ರದ ಪ್ರತಿಯನ್ನು ಮೇಜಿನ ಮೇಲಿಟ್ಟ.

“ಇದು ನಮ್ಮಜ್ಜ ಬರೆದ ಚಿತ್ರ ಅಲ್ಲ, ತೇ ಇಮಸ್!”

ಹೆಸರಿಗೆ ಮೊದಲು ಹೆಂಗಸರಿಗೆ ಸಲ್ಲುವ ಗೌರವದ ‘ತೇ’ ಇತ್ತು. ದನಿಯಲ್ಲಿ ಗೌರವ ಇರಲಿಲ್ಲ.

ಇಮಸ್ ಪ್ರತಿಯತ್ತ ಬಗ್ಗಿದಳು. ಇವನೇ ತಾನೇ ಅಂಗೈಯಗಲದ ಮಾದರಿ ನೋಡಿ, “ಗದ್ದೆಯ ಹಸಿರು ಸ್ವಲ್ಪ ಸರಿಯಿಲ್ಲ” ಎಂದು ಎರಡು ಸಲ ನಗುತ್ತಾ ಬಂದು ಹೋದವನು? ಆ ನಗುವಿಗಾಗಿ ತಾನು ಕಾದದ್ದು ವ್ಯರ್ಥವೇ...?

“ಏನಾಗಿದೆ, ಕಾಂಗ್?” ಅವಳೂ ಗಂಡಸರಿಗೆ ಹೇಳುವ ಗೌರವದ ಮಾತನ್ನೇ ಬಳಸಿದಳು.

“ಬೆಟ್ಟ ಇದೆ, ಗದ್ದೆ ಇದೆ. ಬಲಗಡೆ ಅಂಚಲ್ಲಿ ಕೆಂಪು ಛತ್ರಿ ಹಿಡಿದ ಹುಡುಗಿ ಯಾರು? ಹುಟ್ಟಿದಾಗಿಂದ ಆ ಚಿತ್ರ ನೋಡ್ತಿದ್ದೀನಿ. ಇವಳು ಅಲ್ಲಿಲ್ಲ! ಚೆಂದ ಕಾಣ್ಲಿ ಅಂತ ಸೇರಿಸಿದ್ರಾ?”

“ನಾನು ಒಂದು ಚುಕ್ಕೆನೂ ಸೇರಿಸಲ್ಲ!” ಇಮಸ್ ಕಣ್ಣು ತುಂಬಿತು. “ಫೋಟೊ ತೆಗೆಯೋಕೆ ಚೌಕಟ್ಟು ಬಿಚ್ಚಿದ್ದೆ. ಅದರ ಅಂಚಿನ ಹಿಂದೆ ಇದ್ದಳು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ. ನಡೀರಿ, ನಿಮ್ಮೆದುರೇ ಬಿಚ್ತೀನಿ.”

ಮೂಲಚಿತ್ರ ಮರುದಿನ ಮ್ಯೂಸಿಯಂಗೆ ಹೋಗುವುದಿತ್ತು. ಯಾಯನ್‌ನ ಅಜ್ಜಿ ಓಚಿಯ ಗೋಡೆಗೆ ಉಳಿಯುವುದು ಈ ಪ್ರತಿ ಮಾತ್ರ.

ಇಬ್ಬರೂ ಓಚಿಯ ಮನೆಗೆ ಹೊರಟರು.

ಅಜ್ಜಿಯ ಮುಂದೆ ಇಮಸ್ ಸ್ಕ್ರೂ ಬಿಚ್ಚಿ ಅಗಲವಾದ ಮರದ ಚೌಕಟ್ಟನ್ನು ಎತ್ತಿದಳು. ಬೆಳಕು ಕಾಣದ ಆ ಅಂಚಿನಲ್ಲಿ ಬಣ್ಣ ಹೊಚ್ಚ ಹೊಸದಾಗಿತ್ತು. ಗದ್ದೆಯ ಬದುವಿನ ಮೇಲೆ ಹುಡುಗಿ. ಕೆಂಪು ಛತ್ರಿ!

ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆಮೇಲೆ ಗಟ್ಟಿಯಾಗಿ ನಕ್ಕಳು.

“ಅಯ್ಯೋ, ಇದು ನಾನೇ ಕಣೋ! ಮದುವೆಗೆ ಮುಂಚೇನೇ ನಿಮ್ಮಜ್ಜ ಬರೆದುಬಿಟ್ಟಿದ್ದ. ಅಪ್ಪ ನೋಡಿದ್ರೆ ಕಾಲು ಮುರೀತಾನೆ ಅಂದೆ. ‘ಯಾರಿಗೂ ಕಾಣದ ಹಾಗೆ ಮಾಡ್ತೀನಿ’ ಅಂದ. ಅಳಿಸಿಬಿಟ್ಟ ಅಂತ ಇಷ್ಟು ವರ್ಷ ಒಳಗೊಳಗೇ ಮುನಿಸು ಇಟ್ಕೊಂಡಿದ್ದೆ...”

ಕಣ್ಣೊರೆಸಿಕೊಂಡು ಮೊಮ್ಮಗನತ್ತ ತಿರುಗಿದಳು. “ಈ ಹುಡುಗಿಗೆ ಬೈದೆಯಾ?”

“ಬೈದೆ, ಅಜ್ಜಿ.”

“ನಿಮ್ಮಜ್ಜ ಹೇಳ್ಬೇಕಾದ ಮಾತನ್ನ ಮರದ ಹಿಂದೆ ಇಟ್ಟು ಹೋದ. ನೀನಾದ್ರೂ ಬಾಯಿ ಬಿಟ್ಟು ಹೇಳು. ನಾನು ಚಹಾ ತರ್ತೀನಿ. ನಿಧಾನಕ್ಕೇ ತರ್ತೀನಿ!”

ಯಾಯನ್ ಕಿವಿ ಕೆಂಪಾಯಿತು.

“ತಪ್ಪಾಯ್ತು. ಮತ್ತೆ... ಆ ಹಸಿರು ಇತ್ತಲ್ಲ? ಮೊದಲನೇ ಮಾದರೀನೇ ಸರಿಯಿತ್ತು.”

“ಏನು?! ಅದಕ್ಕೆ ಎರಡು ರಾತ್ರಿ ನಿದ್ದೆಗೆಟ್ಟಿದ್ದೀನಿ!”

“ಬೇರೆ ಯಾವ ನೆಪ ಹೇಳಿ ಬರ್ಲಿ? ನಿಮ್ಮನ್ನ ನೋಡ್ಬೇಕಿತ್ತು. ದಿನಾ ನೋಡ್ಬೇಕು ಅನ್ಸುತ್ತೆ, ನೆಂಗ್.”

ಗೌರವದ ‘ತೇ’ ಹೋಗಿ ಸಲುಗೆಯ ‘ನೆಂಗ್’ ಬಂದದ್ದನ್ನು ಇಮಸ್ ಗಮನಿಸಿದಳು. ತಿದ್ದಲಿಲ್ಲ.

“ಮೊದಲೇ ಹೇಳಿದ್ರೆ ಅಷ್ಟು ಒಳ್ಳೆ ಕಾಗದ ಉಳೀತಿತ್ತು, ಕಾಂಗ್.”

“ಅಂದ್ರೆ... ಒಪ್ಪಿಗೆನಾ?”

“ಚೌಕಟ್ಟು ಹಿಡ್ಕೊಳ್ಳಿ. ಇನ್ಮೇಲೆ ನೆಪ ಇಲ್ಲದೇನೇ ಬನ್ನಿ.”

ಚಿತ್ರ ಮರುದಿನವೇ ಮ್ಯೂಸಿಯಂ ಸೇರಿತು, ಹುಡುಗಿ ಪೂರ್ತಿ ಕಾಣುವ ಹೊಸ ಚೌಕಟ್ಟಿನಲ್ಲಿ. ಮುಂದಿನ ಭಾನುವಾರ ಯಾಯನ್ ಮತ್ತು ಇಮಸ್ ಆ ಗದ್ದೆ ನೋಡಲು ಹೊರಟರು. ಇಬ್ಬರಿಗೂ ಸೇರಿ ಒಂದೇ ಛತ್ರಿ ಒಯ್ದಿದ್ದರು.