ಇನ್ನೂ ಕಟ್ಟಿರದ ಬಸ್‌ಸ್ಟ್ಯಾಂಡಿನೊಳಗೆ

“ಅಯ್ಯಯ್ಯೋ, ಬೀಳ್ತೀನಿ ಕಣ್ರೋ! ಹಿಡ್ಕಳ್ರೋ!” ಊರಿನ ಹಿರಿಯ ಭೂತಯ್ಯ ಕೂಗಿಕೊಂಡರು.

ಪಂಚಾಯ್ತಿ ಹಾಲ್ ಗೊಳ್ಳೆಂದು ನಕ್ಕಿತು. ಭೂತಯ್ಯ ನಿಂತಿದ್ದದ್ದು ಗಟ್ಟಿ ಸಿಮೆಂಟ್ ನೆಲದ ಮೇಲೆ. ಆದರೆ ಅವರ ತಲೆಗೆ ಹೆಲ್ಮೆಟ್‌ನಂಥ ಒಂದು ಕಪ್ಪು ಡಬ್ಬಿ ಹಾಕಿದ್ದರು. ಅದರೊಳಗಿನ ಪುಟ್ಟ ಪರದೆಯಲ್ಲಿ ಅವರು ತಮ್ಮೂರು ಹಾನುಬಾಳಿನ ಹೊಸ ಬಸ್‌ಸ್ಟ್ಯಾಂಡಿನ ಮೆಟ್ಟಿಲ ತುದಿಯಲ್ಲಿದ್ದರು. ಆ ಬಸ್‌ಸ್ಟ್ಯಾಂಡ್ ಇನ್ನೂ ಕಟ್ಟಿಯೇ ಇರಲಿಲ್ಲ!

“ಇದಕ್ಕೆ ವರ್ಚುವಲ್ ರಿಯಾಲಿಟಿ ಅಂತಾರೆ,” ಎಂದರು ಇಂಜಿನಿಯರ್ ಶೀಲಾ. ಮೈಸೂರಿನಿಂದ ಜೀಪಿನಲ್ಲಿ ಕಂಪ್ಯೂಟರ್ ಹೇರಿಕೊಂಡು ಬಂದಿದ್ದವರು ಅವರೇ. “ಕಟ್ಟೋಕೆ ಮುಂಚೆನೇ ಒಳಗೆ ಓಡಾಡಿ ನೋಡಬಹುದು. ತಪ್ಪಿದ್ರೆ ಈಗಲೇ ಹೇಳಿಬಿಡಿ. ಮುಂದಿನ ವಾರ ಪಾಯ ತೋಡ್ತಾರೆ.”

“ತಪ್ಪೇನೈತೆ? ಫಸ್ಟ್ ಕ್ಲಾಸ್ ಐತೆ,” ಎಂದರು ದೊಡ್ಡವರೆಲ್ಲ.

ಐದನೇ ಕ್ಲಾಸಿನ ಚೈತ್ರಶ್ರೀಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. “ಮಿಸ್, ನಂಗೊಂದ್ ಸಲ! ಪ್ಲೀಸ್ ಮಿಸ್!”

“ಇದೇನ್ ವಿಡಿಯೋ ಗೇಮಾ? ಆಚೆ ಹೋಗು,” ಮೆಂಬರ್ ಬಸವರಾಜು ಗದರಿದರು.

“ಬಸ್‌ಸ್ಟ್ಯಾಂಡಿಗೆ ದಿನಾ ಬರೋರು ನಾವೇ ಅಲ್ವಾ ಅಂಕಲ್?”

ಶೀಲಾ ನಗುತ್ತಾ ಹೆಲ್ಮೆಟ್ ತೊಡಿಸಿದರು. ಬೆಲ್ಟ್ ಎಷ್ಟು ಬಿಗಿದರೂ ಸಡಿಲ. ಚೈತ್ರಶ್ರೀ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು, ಇನ್ನೊಂದರಲ್ಲಿ ಜಾಯ್‌ಸ್ಟಿಕ್ ಒತ್ತಿದಳು.

ಅಬ್ಬಾ! ಕಂಬಗಳು ಸರ್ರನೆ ಹತ್ತಿರ ಬಂದವು. ತಲೆ ಎತ್ತಿದರೆ ಕೆಂಪು ಹೆಂಚು, ತಿರುಗಿದರೆ ಬೆಂಚು, ಗೋಡೆಯಾಚೆ ರೋಡು, ರೋಡಲ್ಲೊಂದು ಜೀಪು!

“ಮಿಸ್, ನಾನು ಅಪ್ಪನಷ್ಟು ಉದ್ದ ಆಗ್ಬುಟ್ಟಿದೀನಿ!”

“ಹೌದು, ದೊಡ್ಡವರ ಕಣ್ಣಿಗೆ ಕಾಣೋ ಹಾಗೆ ಇಟ್ಟಿದೀನಿ.”

“ನನ್ನಷ್ಟೇ ಎತ್ತರ ಮಾಡಿ ಮಿಸ್. ನಾನು ನಾಲ್ಕಡಿ.”

ಶೀಲಾ ಕೀಬೋರ್ಡ್ ಒತ್ತಿದರು. ಚೈತ್ರಶ್ರೀ ಜಾರುಬಂಡೆಯಲ್ಲಿ ಜಾರಿದಂತೆ ಕೆಳಗಿಳಿದಳು. ಈಗ ಕಣ್ಣೆದುರು ಬರೀ ಗೋಡೆ. ರೋಡೇ ಇಲ್ಲ. ಗೋಡೆಯ ನಡುವಿನ ದಾರಿಯಿಂದ ಒಂದು ಹೆಜ್ಜೆ ಆಚೆ ಇಟ್ಟಳಷ್ಟೆ.

“ಅಮ್ಮಾ!”

ಜೀಪು ಮೂಗಿನ ಮುಂದೆಯೇ ಬಂದುಬಿಟ್ಟಿತ್ತು. ಹೆಲ್ಮೆಟ್ ಕಿತ್ತು ತೆಗೆದಳು. “ಜೀಪ್ ಬಂದಿದ್ದೇ ಕಾಣ್ಲಿಲ್ಲ ಮಿಸ್. ಗೋಡೆ ಅಡ್ಡ ಐತೆ.”

“ನಾನೂ ಅಲ್ಲೇ ಹೋಗ್ಬಂದೆ. ಎಲ್ಲಾ ಕಾಣ್ತಲ್ಲ ಮಾರಾಯ್ತಿ,” ಎಂದರು ಬಸವರಾಜು.

“ನೀವು ಉದ್ದ ಇದೀರಲ್ಲ! ನಾಲ್ಕಡಿಯಿಂದ ನೋಡಿ ಅಂಕಲ್.”

ಬಸವರಾಜು ಗೊಣಗುತ್ತಲೇ ಹೆಲ್ಮೆಟ್ ಹಾಕಿಕೊಂಡರು. ಜಾಯ್‌ಸ್ಟಿಕ್ ಒತ್ತಿದರು. ಮರುಕ್ಷಣ ಹೌಹಾರಿ ಹಿಂದಕ್ಕೆ ಜಿಗಿದು ಭೂತಯ್ಯನವರ ಕಾಲು ತುಳಿದುಬಿಟ್ಟರು. ಈ ಸಲ ಯಾರೂ ನಗಲಿಲ್ಲ.

“ಆ ಗೋಡೆ ತೆಗೀರಿ ಮೇಡಂ,” ಎಂದರು ಬಸವರಾಜು ಮೆಲ್ಲಗೆ.

ಶೀಲಾ ಟಕಟಕ ಟೈಪ್ ಮಾಡಿದರು. ಗೋಡೆ ಮಾಯ! ಅದರ ಜಾಗದಲ್ಲಿ ಕಬ್ಬಿಣದ ಕಂಬಿಗಳು. ಚೈತ್ರಶ್ರೀ ಮತ್ತೆ ಒಳಹೊಕ್ಕಳು. ಕಂಬಿಗಳ ಸಂದಿಯಿಂದ ರೋಡು ತಿರುವಿನವರೆಗೂ ಕಂಡಿತು.

“ಕಾಣ್ತೈತೆ! ದೂರದಿಂದ್ಲೇ ಕಾಣ್ತೈತೆ!” ಕುಣಿದೇಬಿಟ್ಟಳು.

ಹೆಲ್ಮೆಟ್ ಕಳಚಿ ಹಾಲ್‌ನಿಂದ ಹೊರಬಂದರೆ ಅಮ್ಮ ಮೂರು ವರ್ಷದ ತಮ್ಮ ಅಭಿಷೇಕನ ಜೊತೆ ಕಾಯುತ್ತಿದ್ದಳು. ಮೂವರೂ ರೋಡಿನ ಅಂಚಿಗೆ ಬಂದರು. ಚೈತ್ರಶ್ರೀ ಎರಡೂ ಕಡೆ ನೋಡಿದಳು. ಕಾಲು ಎತ್ತಿದವಳು ಯಾಕೋ ನಿಂತಳು. ತಮ್ಮನ ಪಕ್ಕ ಮಂಡಿಯೂರಿ, ಅವನ ತಲೆಯ ಮಟ್ಟಕ್ಕೆ ತನ್ನ ತಲೆ ತಂದು ನೋಡಿದಳು. ರೋಡಂಚಿನ ಲಂಟಾನ ಪೊದೆ ಬಿಟ್ಟರೆ ಇನ್ನೇನೂ ಕಾಣಲಿಲ್ಲ.

“ಏನೇ ಅದು, ಮಣ್ಣಲ್ಲಿ ಕೂತ್ಕಂಡು?” ಅಮ್ಮ ಕೇಳಿದಳು.

ಚೈತ್ರಶ್ರೀ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡಳು.

“ಈಗ ನೋಡೋ. ಏನ್ ಕಾಣ್ತೈತೆ?”

ಅವನು ಕಣ್ಣರಳಿಸಿ ಕೈ ಚಾಚಿದ. “ಅಗೋ! ಬಸ್ಸು!”